ಇಂಜಿನಿಯರುಗಳ ಸಮ್ಮೇಳನದಲ್ಲಿ ವಿದ್ಯಾರ್ಥಿಗೇನು ಕೆಲಸ?

ಮೈಸೂರು ರಸ್ತೆಯಿಂದ ಕಮಾನನ್ನು ದಾಟಿ ರಾಜರಾಜೇಶ್ವರಿನಗರದೊಳಕ್ಕೆ ಬರುವವರಿಗೆ ವರ್ಷದಲ್ಲಿ ಒಮ್ಮೆಯಾದರೂ ‘ಅಂತರರಾಷ್ಟ್ರೀಯ ಸಮ್ಮೇಳನ’ ಎಂಬ ಬರಹವುಳ್ಳ ಫಲಕವೊಂದು ಕಣ್ಣಿಗೆ ಬೀಳದೆ ಇರಲಾರದು. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಚನ್ನಸಂದ್ರದಲ್ಲಿ ಆರ್. ಎನ್. ಎಸ್. ತಾಂತ್ರಿಕ ಸಂಸ್ಥೆ, ಐಡಿಯಲ್ ಹೋಮ್ಸ್ ಬಡಾವಣೆಯ ಕಡೆ ಗ್ಲೋಬಲ್ ಅಕಾಡೆಮಿ, ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲಿ ಜೆ. ಎಸ್. ಎಸ್. ತಾಂತ್ರಿಕ ಶಿಕ್ಷಣ ಅಕಾಡೆಮಿ, ಹೆದ್ದಾರಿಯ ಮೇಲೆಯೇ 1963ರಲ್ಲಿ ಸ್ಥಾಪಿತವಾದ ಆರ್. ವಿ. ಇಂಜಿನಿಯರಿಂಗ್ ಕಾಲೇಜು, ಹೀಗೆ ಐದಾರು ಮೈಲಿಗಳ ಆವರಣದಲ್ಲಿ ಇಂಜಿನಿಯರಿಂಗ್ ಕಲಿಯುವ ಸಾವಿರಾರು ಮಂದಿ ತರುಣ ತರುಣಿಯರಿದ್ದಾರೆ. ಆ ಫಲಕಗಳ ಕೆಳಗೆ ಬಸ್ಸಿಗಾಗಿ ಕಾಯುವ ನಮ್ಮಂತಹ ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಮಾತ್ರ ಒಳಗೆ ಏನು ನಡೆಯುತ್ತದೆಂಬುದು ತಿಳಿಯದು.

ಈ ಸಮ್ಮೇಳನಗಳ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳಿವೆ. ಅದು ಪಂಡಿತರ ಕೂಟ, ಇನ್ನೂ ಪದವಿಯನ್ನೇ ಪಡೆಯದ ಹುಡುಗರಿಗೆ ಅಲ್ಲೇನು ಕೆಲಸವೆಂಬುದು ಒಂದು. ಅದು ಪ್ರಮಾಣಪತ್ರ ಹಂಚುವ ಸಂತೆ, ಹಣ ಕಟ್ಟಿದವರೆಲ್ಲರಿಗೂ ಒಂದೊಂದು ಕಾಗದ ಸಿಕ್ಕುತ್ತದೆಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಪೂರ್ಣಸತ್ಯ ಯಾವುದರಲ್ಲಿಯೂ ಇಲ್ಲ. ಇಂತಹ ಸಮ್ಮೇಳನಗಳು ಏಕೆ ಹುಟ್ಟಿದವು, ಹೇಗೆ ನಡೆಯುತ್ತವೆ, ವಿದ್ಯಾರ್ಥಿಯಾದವನು ಅಲ್ಲಿಂದ ಏನನ್ನು ತರಬಹುದು, ಎಲ್ಲಿ ಮೋಸಹೋಗಬಹುದು ಎಂಬುದನ್ನು ಕೈಲಾದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಇವು ಹುಟ್ಟಿದ ಕಾರಣವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ತಂತಿ ಸಮಾಚಾರವು ದೇಶದೇಶಗಳಿಗೆ ಹಬ್ಬಿತು. ವಿದ್ಯುತ್ತನ್ನು ಅಳೆಯುವ ಕ್ರಮ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು ರೀತಿಯಾಗಿತ್ತು. ತಂತಿಯು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಅಳೆಯಲು ಬ್ರಿಟನ್ನಿನವರಿಗೆ ಒಂದು ಮಾನವಿದ್ದರೆ, ಜರ್ಮನರಿಗೆ ಪಾದರಸದ ಕಂಬವನ್ನು ಆಧರಿಸಿದ ಬೇರೊಂದು ಮಾನವಿತ್ತು. ಒಬ್ಬ ವರ್ತಕ ಸೇರಿನಲ್ಲಿ ಅಳೆದದ್ದನ್ನು ಇನ್ನೊಬ್ಬ ಬಳ್ಳದಲ್ಲಿ ಅಳೆದರೆ ಸಂತೆಯಲ್ಲಿ ಎಷ್ಟು ಜಗಳವಾದೀತು! 1881ರಲ್ಲಿ ಪ್ಯಾರಿಸ್ ನಗರದಲ್ಲಿ ವಿದ್ಯುತ್ ತಜ್ಞರ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ ಈ ಗೊಂದಲಕ್ಕೆ ಒಂದು ಕೊನೆ ಹಾಡಿತು. ಇಟಲಿಯ ವೋಲ್ಟಾನ ಹೆಸರಿನಲ್ಲಿ ವೋಲ್ಟ್, ಜರ್ಮನಿಯ ಓಮ್‌ನ ಹೆಸರಿನಲ್ಲಿ ಓಮ್, ಫ್ರಾನ್ಸಿನ ಆಂಪೇರ್‌ನ ಹೆಸರಿನಲ್ಲಿ ಆಂಪಿಯರ್ ಎಂದು ಎಲ್ಲ ದೇಶದವರೂ ಒಪ್ಪಿಕೊಂಡರು. ಮುಂದೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಉರಿದಾಗ, ಆ ಕೆಲಸದ ಲೆಕ್ಕವೆಲ್ಲ ಪ್ಯಾರಿಸ್ಸಿನಲ್ಲಿ ಒಪ್ಪಿತವಾಗಿದ್ದ ಮಾನಗಳಲ್ಲಿಯೇ ನಡೆಯಿತು. ದೂರದೂರದ ಜನರು ಒಂದೆಡೆ ಕುಳಿತು ಒಬ್ಬರ ಅಳತೆಯನ್ನು ಇನ್ನೊಬ್ಬರು ಪ್ರಶ್ನಿಸಿ ಒಪ್ಪಂದಕ್ಕೆ ಬರುವುದೇ ಸಮ್ಮೇಳನದ ಮೂಲತತ್ತ್ವವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ಸಮ್ಮೇಳನ ನಡೆಯುವ ಕ್ರಮ. ಏಳೆಂಟು ತಿಂಗಳು ಮುಂಚಿತವಾಗಿಯೇ ಸಂಚಾಲಕರು ಇಂತಿಂತಹ ವಿಷಯಗಳ ಮೇಲೆ ಪ್ರಬಂಧಗಳನ್ನು ಕಳುಹಿಸಬಹುದೆಂದು ಪ್ರಕಟಿಸುತ್ತಾರೆ. ಬರೆಯುವವರು ಮೊದಲು ಒಂದು ಪುಟದ ಸಾರಾಂಶವನ್ನು, ಅನಂತರ ಪೂರ್ಣ ಪ್ರಬಂಧವನ್ನು ಕಳುಹಿಸುತ್ತಾರೆ. ಅದು ಆ ವಿಷಯದಲ್ಲಿ ದುಡಿದ ಇಬ್ಬರು ಮೂವರು ಪರಿಶೀಲಕರ ಕೈಗೆ ಹೋಗುತ್ತದೆ. ತನ್ನ ಪ್ರಬಂಧವನ್ನು ಓದಿದವರು ಯಾರೆಂಬುದು ಬರೆದವನಿಗೆ ತಿಳಿಯದು. ಅನೇಕ ಕಡೆ ಬರೆದವನು ಯಾರೆಂಬುದು ಓದುವವರಿಗೂ ತಿಳಿಯದು. ಮುಖದಾಕ್ಷಿಣ್ಯಕ್ಕೆ ಎಡೆಯಿರಬಾರದೆಂಬುದೇ ಇದರ ಉದ್ದೇಶ. ಪರಿಶೀಲಕರು ಒಪ್ಪಬಹುದು, ತಿದ್ದಿ ತರಲು ಹೇಳಬಹುದು, ತಳ್ಳಿಹಾಕಲೂಬಹುದು. ಒಪ್ಪಿಗೆಯಾದ ಮೇಲೆ ಪ್ರಬಂಧಕಾರನು ನೋಂದಣಿಯ ಶುಲ್ಕವನ್ನು ಕಟ್ಟಿ ನಿಗದಿಯಾದ ದಿನ ಹಾಜರಾಗಬೇಕು.

ಸಮ್ಮೇಳನದ ದಿನ ಬೆಳಿಗ್ಗೆ ದೊಡ್ಡ ಸಭಾಂಗಣದಲ್ಲಿ ಒಬ್ಬ ಹಿರಿಯ ವಿದ್ವಾಂಸರ ಪ್ರಧಾನ ಭಾಷಣವಿರುತ್ತದೆ. ಆಮೇಲೆ ಜನರು ಚಿಕ್ಕ ಚಿಕ್ಕ ಕೊಠಡಿಗಳಿಗೆ ಚದರುತ್ತಾರೆ. ಇವಕ್ಕೆ ಗೋಷ್ಠಿಗಳೆಂದು ಹೆಸರು. ಪ್ರತಿ ಗೋಷ್ಠಿಗೂ ಒಬ್ಬ ಅಧ್ಯಕ್ಷರು. ಅವರ ಮುಂದೊಂದು ಗಡಿಯಾರ. ಪ್ರಬಂಧಕಾರನಿಗೆ ಹತ್ತರಿಂದ ಹದಿನೈದು ನಿಮಿಷ, ಪ್ರಶ್ನೋತ್ತರಕ್ಕೆ ಸುಮಾರು ಐದು ನಿಮಿಷ. ಒಂದು ವರ್ಷದ ದುಡಿಮೆಯನ್ನು ಹತ್ತು ನಿಮಿಷದಲ್ಲಿ ಹೇಳುವುದು ಸುಲಭವಲ್ಲ. ಹರಿಕಥೆಯ ದಾಸರಂತೆ ಉಪಕಥೆಗಳಿಗೆ ಹೋದರೆ ಗಂಟೆ ಬಾರಿಸಿಬಿಡುತ್ತಾರೆ. ಹೊಸಬರಿಗಾಗಿ ಇನ್ನೊಂದು ಏರ್ಪಾಡೂ ಉಂಟು. ತಮ್ಮ ಕೆಲಸವನ್ನು ಒಂದು ದೊಡ್ಡ ಹಾಳೆಯ ಮೇಲೆ ಚಿತ್ರ ಕೋಷ್ಟಕಗಳೊಡನೆ ಬರೆದು ಗೋಡೆಗೆ ತೂಗುಹಾಕಿ ಪಕ್ಕದಲ್ಲಿ ನಿಂತಿರುತ್ತಾರೆ. ಹೋಗಿ ಬರುವವರು ನಿಂತು ಕೇಳುತ್ತಾರೆ. ಇದಕ್ಕೆ ಪೋಸ್ಟರ್ ಎನ್ನುತ್ತಾರೆ. ಸಭೆಯಲ್ಲಿ ಬಾಯಿಬಾರದ ಸಂಕೋಚದ ಹುಡುಗರಿಗೆ ಇದೇ ಹೆಚ್ಚು ಅನುಕೂಲವೆಂದು ಹೇಳಬಹುದು. ಕಡೆಗೆ ಪ್ರಬಂಧಗಳೆಲ್ಲ ಒಂದು ಸಂಪುಟವಾಗಿ ಪ್ರಕಟವಾಗುತ್ತವೆ.

ಇಷ್ಟೆಲ್ಲ ಕ್ರಮವಿದ್ದರೂ, ಸಮ್ಮೇಳನದ ನಿಜವಾದ ಫಲ ಅನೇಕ ವೇಳೆ ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಕಡೆಯೇ ದೊರೆಯುತ್ತದೆ. ಇದಕ್ಕೆ ನಮ್ಮ ನಾಡಿನ ವಿದ್ಯಾರ್ಥಿಗಳದೇ ಒಂದು ಉತ್ತಮ ನಿದರ್ಶನವಿದೆ.

ಬಾಹ್ಯಾಕಾಶ ಯಾನದ ವಿಷಯದಲ್ಲಿ ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರುತ್ತದೆ. ಮೊದಲನೆಯದು 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. 1957ರಲ್ಲಿ ಅದು ಸ್ಪೇನಿನ ಬಾರ್ಸಿಲೋನದಲ್ಲಿ ಸೇರಿದಾಗ, ಎರಡೇ ದಿನಗಳ ಹಿಂದೆ, ಅಕ್ಟೋಬರ್ 4ರಂದು, ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿತ್ತು. ಅದುವರೆಗೆ ಕನಸುಗಾರರ ಕೂಟವೆನಿಸಿದ್ದ ಸಭೆಗೆ ಒಂದೇ ರಾತ್ರಿಯಲ್ಲಿ ಗಾಂಭೀರ್ಯ ಬಂದುಬಿಟ್ಟಿತು. 1988ರಲ್ಲಿ ಇದರ 39ನೆಯ ಸಮ್ಮೇಳನ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. 58ನೆಯದು 2007ರ ಸೆಪ್ಟೆಂಬರ್ 24ರಿಂದ 28ರವರೆಗೆ ಹೈದರಾಬಾದಿನಲ್ಲಿ ಜರುಗಿತು. ಈ ಹೈದರಾಬಾದಿನ ಸಮ್ಮೇಳನಕ್ಕೆ ಹೋಗಿದ್ದವರಲ್ಲಿ ಬೆಂಗಳೂರು ಮತ್ತು ಹೈದರಾಬಾದಿನ ಕೆಲವರು ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದರು. ಪರದೇಶಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಉಪಗ್ರಹಗಳನ್ನು ನಿರ್ಮಿಸುತ್ತಿದ್ದ ಕಾಲವದು. ‘ಅವರು ಮಾಡಬಹುದಾದರೆ ನಾವೇಕೆ ಮಾಡಬಾರದು?’ ಎಂಬ ವಿಚಾರ ಇವರಲ್ಲಿ ಮೊಳೆಯಿತು. ಅದನ್ನು ಅವರು ತಮ್ಮತಮ್ಮಲ್ಲಿಯೇ ಆಡಿಕೊಂಡು ಸುಮ್ಮನಾಗದೆ ಇಸ್ರೋ ಸಂಸ್ಥೆಯ ಹಿರಿಯರ ಮುಂದಿಟ್ಟರು.

ಆ ಪ್ರಶ್ನೆಯ ಫಲವೇ ‘ಸ್ಟಡ್‌ಸ್ಯಾಟ್’ ಎಂಬ ವಿದ್ಯಾರ್ಥಿ ಉಪಗ್ರಹ. ಕರ್ನಾಟಕದ ಮತ್ತು ಅಂದಿನ ಆಂಧ್ರಪ್ರದೇಶದ ಒಟ್ಟು ಏಳು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಅದನ್ನು ನಿರ್ಮಿಸಿದರು. ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಸಂಸ್ಥೆ ಮುಂದಾಳತ್ವ ವಹಿಸಿತು. ನಮ್ಮ ಮೈಸೂರು ರಸ್ತೆಯ ಆರ್. ವಿ. ಕಾಲೇಜೂ ಆ ಏಳರಲ್ಲೊಂದು. 2010ರ ಜುಲೈ 12ರಂದು ಶ್ರೀಹರಿಕೋಟೆಯಿಂದ ಪಿ. ಎಸ್. ಎಲ್. ವಿ. ಸಿ-15 ಎಂಬ ರಾಕೆಟ್ಟು ಕಾರ್ಟೋಸ್ಯಾಟ್-2ಬಿ ಮೊದಲಾದ ದೊಡ್ಡ ಉಪಗ್ರಹಗಳ ಜೊತೆಗೆ ಇದನ್ನೂ ಹೊತ್ತು ಮೇಲೇರಿತು. ಇದರ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ! ಪೀಣ್ಯದ ಷೆಡ್ಡುಗಳಲ್ಲಿ ನಿರ್ಮಾಣವಾಗಿ 1975ರ ಏಪ್ರಿಲ್ 19ರಂದು ಹಾರಿದ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟದ ತೂಕ ಸುಮಾರು 360 ಕಿಲೋಗ್ರಾಂ. ಇಷ್ಟು ಹಗುರವಾದ ಉಪಗ್ರಹದಲ್ಲಿಯೂ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳು, ಭೂಮಿಯ ಚಿತ್ರ ತೆಗೆಯಲು ಒಂದು ಪುಟ್ಟ ಕ್ಯಾಮರ, ನೆಲದೊಡನೆ ಮಾತನಾಡಲು ರೇಡಿಯೋ ಸಲಕರಣೆ, ಎಲ್ಲವನ್ನೂ ಅಡಕಿಸಬೇಕಾಗಿತ್ತು. ಅದರ ಸಂಕೇತಗಳನ್ನು ಹಿಡಿಯುವ ಭೂಕೇಂದ್ರವು ಯಲಹಂಕದ ಕಾಲೇಜಿನಲ್ಲಿಯೇ ಸಿದ್ಧವಾಗಿತ್ತು.

ಹೈದರಾಬಾದಿನಲ್ಲಿ ಆ ಹುಡುಗರಿಗೆ ಉಪಗ್ರಹ ನಿರ್ಮಿಸುವ ವಿದ್ಯೆಯನ್ನು ಐದೇ ದಿನಗಳಲ್ಲಿ ಯಾರೂ ಕಲಿಸಿಕೊಡಲಿಲ್ಲ. ಕಲಿಸುವುದು ಸಾಧ್ಯವೂ ಇಲ್ಲ. ಅಲ್ಲಿ ಅವರಿಗೆ ದೊರೆತುದು ಎರಡೇ. ತಮ್ಮಂತಹವರೇ ಬೇರೆಡೆ ಆ ಕೆಲಸವನ್ನು ಮಾಡುತ್ತಿದ್ದಾರೆಂಬ ತಿಳಿವಳಿಕೆ ಒಂದು. ಕೇಳಬೇಕಾದವರ ಎದುರಿಗೆ ನಿಂತು ಕೇಳುವ ಅವಕಾಶ ಮತ್ತೊಂದು. ಉಳಿದುದೆಲ್ಲ ಹಿಂತಿರುಗಿ ಬಂದ ಮೇಲೆ ಪಟ್ಟ ಸುಮಾರು ಮೂರು ವರ್ಷಗಳ ಶ್ರಮ.

ಇಷ್ಟು ದೊಡ್ಡ ಉದಾಹರಣೆಯ ಜೊತೆಗೆ ನಾನೇ ಕಣ್ಣಾರೆ ಕಂಡ ಒಂದು ಚಿಕ್ಕ ಉದಾಹರಣೆಯನ್ನೂ ಹೇಳುತ್ತೇನೆ. ನಮ್ಮ ಬೀದಿಯ ಗೆಳೆಯನೊಬ್ಬ ಸಿವಿಲ್ ಇಂಜಿನಿಯರಿಂಗ್ ವಿದ್ಯಾರ್ಥಿ. ಕಳೆದ ವರ್ಷ ಅವನು ನಗರದ ಒಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವೃಷಭಾವತಿ ನದಿಯ ನೀರಿನ ಮೇಲೆ ಪ್ರಬಂಧವನ್ನು ಓದಿದ. ಕೇಳುಗರಾಗಿ ಬರುವ ವಿದ್ಯಾರ್ಥಿಗಳಿಗೂ ಪ್ರವೇಶವಿದ್ದುದರಿಂದ ನಾನೂ ಅವನೊಡನೆ ಹೋಗಿದ್ದೆ.

ವೃಷಭಾವತಿಯ ಪರಿಚಯ ಈ ಭಾಗದವರಿಗೆ ಬೇಕಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟಿದಳೆಂದು ಪ್ರತೀತಿಯುಳ್ಳ ಈ ನದಿಯು ಮೈಸೂರು ರಸ್ತೆಯ ಮಗ್ಗುಲಲ್ಲಿಯೇ ಹರಿದು, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. 2021ರಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ ಮೇಲಿನಿಂದಲೇ ಇದರ ದರ್ಶನವಾಗುತ್ತದೆ; ವಾಸನೆಯಂತೂ ಮೊದಲಿನಿಂದಲೂ ಆಗುತ್ತಿತ್ತು. ಪಶ್ಚಿಮ ಬೆಂಗಳೂರಿನ ಮನೆಗಳ ಕೊಳಚೆ ನೀರೂ ಕಾರ್ಖಾನೆಗಳ ನೀರೂ ಸೇರಿ ನದಿ ಹೆಸರಿಗೆ ಮಾತ್ರ ನದಿಯಾಗಿ ಉಳಿದಿದೆ. ಆದರೂ ದಶಕಗಳ ಕಾಲ ಬೈರಮಂಗಲದ ಸುತ್ತಣ ಹೊಲಗಳಿಗೆ ಹರಿದದ್ದು ಇದೇ ನೀರು.

ನೀರು ಎಷ್ಟು ಕೆಟ್ಟಿದೆಯೆಂಬುದನ್ನು ತಿಳಿಯುವುದು ಹೇಗೆ? ಇಂಜಿನಿಯರುಗಳು ಮುಖ್ಯವಾಗಿ ಒಂದು ಅಳತೆಯನ್ನು ಬಳಸುತ್ತಾರೆ. ನೀರಿನಲ್ಲಿ ಕರಗಿದ ಆಮ್ಲಜನಕವಿರುತ್ತದೆ. ಮೀನುಗಳು ಉಸಿರಾಡುವುದು ಅದನ್ನೇ. ಕೊಳೆಯು ಸೇರಿದಾಗ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚಿ ಈ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಆದುದರಿಂದ ನೀರನ್ನು ಒಂದು ಸೀಸೆಯಲ್ಲಿ ಗಾಳಿಯಾಡದಂತೆ ಮುಚ್ಚಿ, ಕತ್ತಲೆಯಲ್ಲಿ, 27 ಡಿಗ್ರಿ ಉಷ್ಣತೆಯಲ್ಲಿ 3 ದಿನ ಇಡುತ್ತಾರೆ. ಬಹಳ ಕೊಳೆಯಾದ ನೀರಾದರೆ ಮೊದಲೇ ಶುದ್ಧ ನೀರನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿಕೊಳ್ಳುತ್ತಾರೆ. ಮೊದಲ ದಿನ ಇದ್ದ ಆಮ್ಲಜನಕವೆಷ್ಟು, ಕಡೆಯ ದಿನ ಉಳಿದದ್ದೆಷ್ಟು ಎಂದು ಲೆಕ್ಕಹಾಕಿದರೆ ಕೊಳೆಯು ಎಷ್ಟು ಆಮ್ಲಜನಕವನ್ನು ಬೇಡುತ್ತದೆಂಬುದು ತಿಳಿಯುತ್ತದೆ. ಇದನ್ನು ಬಿ. ಓ. ಡಿ. ಎನ್ನುತ್ತಾರೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಇದು ಲೀಟರಿಗೆ 3 ಮಿಲಿಗ್ರಾಮನ್ನು ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಮಿಗೆ ಕಡಿಮೆಯಾಗಬಾರದೆಂದು ನಮ್ಮ ದೇಶದಲ್ಲಿ ನಿಯಮವಿದೆ.

ಗೆಳೆಯನು ನದಿಯ ನಾಲ್ಕು ಕಡೆಗಳಲ್ಲಿ ನೀರನ್ನು ತೆಗೆದು ಪರೀಕ್ಷಿಸಿ, ಕೋಷ್ಟಕಗಳನ್ನು ಅಂದವಾಗಿ ಬರೆದು, ಹನ್ನೆರಡು ನಿಮಿಷಗಳಲ್ಲಿ ಒಂದೂ ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಚಪ್ಪಾಳೆಯಾಯಿತು. ಗೋಷ್ಠಿಯ ಅಧ್ಯಕ್ಷೆ ‘ಪ್ರಶ್ನೆಗಳಿವೆಯೇ?’ ಎಂದರು. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ವಿದೇಶೀಯ ಇಂಜಿನಿಯರೊಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು: ‘ನೀವು ನೀರನ್ನು ತೆಗೆದದ್ದು ದಿನದ ಎಷ್ಟು ಗಂಟೆಗೆ?’

‘ಬೆಳಿಗ್ಗೆ ಹನ್ನೊಂದು ಗಂಟೆಗೆ, ಸರ್’ ಎಂದ ಗೆಳೆಯ.

‘ಎಲ್ಲ ದಿನವೂ?’

‘ಹೌದು ಸರ್, ಎಲ್ಲ ದಿನವೂ.’

‘ಹಾಗಾದರೆ ನೀವು ನಮಗೆ ತಿಳಿಸಿದ್ದು ನದಿಯ ವಿಷಯವಲ್ಲ, ಹನ್ನೊಂದು ಗಂಟೆಯ ವಿಷಯ.’

ಕೊಠಡಿಯಲ್ಲಿ ನಗು ಹರಡಿತು. ಗೆಳೆಯನ ಮುಖ ಸಪ್ಪಗಾಯಿತು. ಆದರೆ ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಚಹದ ವಿರಾಮದಲ್ಲಿ ಆ ಹಿರಿಯರು ತಾವಾಗಿಯೇ ಬಂದು, ಕಾರ್ಯಕ್ರಮ ಪಟ್ಟಿಯ ಹಿಂಬದಿಯ ಮೇಲೆ ಒಂದು ವಕ್ರರೇಖೆಯನ್ನು ಬರೆದು ತೋರಿಸಿದರು. ಕೊಳಚೆ ನೀರು ದಿನವಿಡೀ ಒಂದೇ ಸಮನಾಗಿ ಹರಿಯುವುದಿಲ್ಲ. ಊರೆಲ್ಲ ಎದ್ದು ಸ್ನಾನ ಮಾಡಿ, ಅಡಿಗೆ ಮಾಡಿ, ಪಾತ್ರೆ ಬಟ್ಟೆ ತೊಳೆಯುವ ಬೆಳಗಿನ ಹೊತ್ತಿನಲ್ಲಿ ಅದು ಉಕ್ಕುತ್ತದೆ. ಮಧ್ಯಾಹ್ನ ತಗ್ಗುತ್ತದೆ, ಸಂಜೆ ಮತ್ತೆ ಏರುತ್ತದೆ, ರಾತ್ರಿ ಮೂರು ನಾಲ್ಕು ಗಂಟೆಗೆ ತೀರ ಇಳಿಯುತ್ತದೆ. ಮೇಲಾಗಿ, ರಾತ್ರಿಯ ಕತ್ತಲೆಯಲ್ಲಿ ಯಾರಾದರೂ ಕಾರ್ಖಾನೆಯ ನೀರನ್ನು ಕಳ್ಳತನದಿಂದ ಬಿಟ್ಟರೆ ಹಗಲು ಹನ್ನೊಂದಕ್ಕೆ ಹೋದವನಿಗೆ ಅದರ ಗುರುತೂ ಸಿಕ್ಕದು. ಆದುದರಿಂದ ಹಗಲು ರಾತ್ರಿ ಗಂಟೆಗಂಟೆಗೂ ಸ್ವಲ್ಪ ಸ್ವಲ್ಪ ನೀರನ್ನು ತೆಗೆದು, ಆಯಾ ಹೊತ್ತಿನ ಹರಿವಿನ ಪ್ರಮಾಣಕ್ಕೆ ಸರಿಯಾಗಿ ಬೆರೆಸಿ ಪರೀಕ್ಷಿಸಿದರೆ ಮಾತ್ರ ದಿನದ ಸರಾಸರಿ ದೊರಕುತ್ತದೆ. ‘ಇನ್ನೊಂದು ಮಾತು. ನದಿಯ ದಡದಲ್ಲಿ ವಾಸವಾಗಿರುವವರನ್ನು ಕೇಳಿದಿರಾ? ಯಾವ ಹೊತ್ತಿನಲ್ಲಿ ಬಣ್ಣ ಬದಲಾಗುತ್ತದೆಂಬುದು ಅವರಿಗೆ ಗೊತ್ತಿರುತ್ತದೆ’ ಎಂದು ಹೇಳಿ ಅವರು ಚಹದ ಲೋಟವನ್ನು ಇಟ್ಟು ಹೊರಟುಹೋದರು.

ಮುಂದಿನ ತಿಂಗಳು ಗೆಳೆಯನು ತನ್ನ ಜೊತೆಗಾರರೊಡನೆ ಸರದಿಯಂತೆ ಒಂದು ಹಗಲು ಒಂದು ರಾತ್ರಿ ಸೇತುವೆಯ ಬಳಿ ಕುಳಿತು ನೀರನ್ನು ತೆಗೆದ. ದಡದ ಮನೆಗಳವರನ್ನು ಮಾತನಾಡಿಸುವ ಕೆಲಸಕ್ಕೆ ನನ್ನನ್ನೂ ಕರೆದೊಯ್ದ. ಅಲ್ಲಿನ ಒಬ್ಬ ಅಜ್ಜಿ, ‘ನೀರು ರಾತ್ರಿ ಹೊತ್ತು ಬೇರೆ ಥರಾ ನಾರ್ತದೆ ಕಣಪ್ಪ, ನಿದ್ದೇಲಿ ಇದ್ರೂ ಗೊತ್ತಾಗ್ತದೆ’ ಎಂದರು. ಆ ಮಾತು ಯಾವ ಕೋಷ್ಟಕದಲ್ಲಿಯೂ ಇರಲಿಲ್ಲ. ಹೊಸ ಅಳತೆಗಳಲ್ಲಿ ಒಂದೊಂದು ಗಂಟೆಗೆ ಒಂದೊಂದು ಅಂಕಿ ಬಂದಿತು. ಗೆಳೆಯನು ಮೊದಲಿನ ಪ್ರಬಂಧದ ಕಡೆಯ ಪುಟವನ್ನು ಪೂರ್ತಿಯಾಗಿ ಬದಲಾಯಿಸಿದ. ಸಮ್ಮೇಳನದಿಂದ ಅವನಿಗೆ ಒಂದು ಪ್ರಮಾಣಪತ್ರವೂ ಒಂದು ಪ್ರಶ್ನೆಯೂ ದೊರೆತುವು. ಪ್ರಮಾಣಪತ್ರವನ್ನು ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ; ಪ್ರಶ್ನೆಯು ಅವನ ಕೆಲಸದೊಳಕ್ಕೆ ಹೋಯಿತು.

ಇಷ್ಟು ಹೇಳಿದ ಮೇಲೆ ನಾಣ್ಯದ ಮತ್ತೊಂದು ಮಗ್ಗುಲನ್ನೂ ನೋಡುವುದು ಅವಶ್ಯಕ. ಪ್ರಶ್ನೆಗಳೇ ಇಲ್ಲದ ಸಮ್ಮೇಳನಗಳೂ ಇವೆ. 2005ರಲ್ಲಿ ಅಮೆರಿಕದ ಎಂ. ಐ. ಟಿ. ಸಂಸ್ಥೆಯ ಮೂವರು ವಿದ್ಯಾರ್ಥಿಗಳು ಒಂದು ವಿನೋದದ ಪರೀಕ್ಷೆ ನಡೆಸಿದರು. ಪಾಂಡಿತ್ಯದ ಪದಗಳನ್ನು ಅರ್ಥವಿಲ್ಲದಂತೆ ಜೋಡಿಸಿ ಪ್ರಬಂಧದ ರೂಪಕ್ಕೆ ತರುವ ಕಂಪ್ಯೂಟರ್ ಕ್ರಮವಿಧಿಯೊಂದನ್ನು ಅವರು ರಚಿಸಿದರು. ‘ಸೈಜೆನ್’ ಎಂಬುದು ಅದರ ಹೆಸರು. ಅದು ಹೆತ್ತ ಒಂದು ಪ್ರಬಂಧವನ್ನು ಅಂತರರಾಷ್ಟ್ರೀಯವೆನಿಸಿಕೊಂಡ ಸಮ್ಮೇಳನವೊಂದಕ್ಕೆ ಕಳುಹಿಸಿದರೆ, ಅದು ಒಪ್ಪಿಗೆಯಾಗಿಬಿಟ್ಟಿತು! ಇದು ಒಂದು ದಿನದ ನಗೆಯಾಗಿ ಮುಗಿಯಲಿಲ್ಲ. ಮುಂದೆ ಫ್ರಾನ್ಸಿನ ಗಣಕ ವಿಜ್ಞಾನಿ ಸಿರಿಲ್ ಲಾಬೆ ಎಂಬುವರು ಹುಡುಕಿ ನೋಡಿದಾಗ, ಅದೇ ಯಂತ್ರ ಬರೆದ ಅರ್ಥಹೀನ ಪ್ರಬಂಧಗಳು ಹಲವಾರು ಸಮ್ಮೇಳನಗಳ ಸಂಪುಟಗಳಲ್ಲಿ ಸೇರಿದ್ದುದು ಬೆಳಕಿಗೆ ಬಂದಿತು. 2014ರಲ್ಲಿ ಸ್ಪ್ರಿಂಗರ್ ಮತ್ತು ಐ. ಇ. ಇ. ಇ. ಎಂಬ ಹೆಸರಾಂತ ಪ್ರಕಾಶಕರು ಇಂತಹ 120ಕ್ಕೂ ಹೆಚ್ಚು ಪ್ರಬಂಧಗಳನ್ನು ತಮ್ಮ ಸಂಗ್ರಹದಿಂದ ತೆಗೆದುಹಾಕಬೇಕಾಯಿತು. ಯಾರೊಬ್ಬರಾದರೂ ಆ ಪ್ರಬಂಧಗಳನ್ನು ಓದಿ ‘ಇದರ ಅರ್ಥವೇನು?’ ಎಂದು ಕೇಳಿದ್ದರೆ ಅವು ಬಾಗಿಲಲ್ಲಿಯೇ ನಿಲ್ಲುತ್ತಿದ್ದುವು.

ಇದನ್ನು ನಾನು ವಿನೋದಕ್ಕಾಗಿ ಹೇಳುತ್ತಿಲ್ಲ. ಇಂತಹ ಪೊಳ್ಳು ಸಮ್ಮೇಳನಗಳಿಗೆ ಸುಲಭವಾಗಿ ಬಲಿಯಾಗುವವರು ನಮ್ಮಂತಹ ಮನೆಗಳ ಮಕ್ಕಳೇ. ನನ್ನ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲು. ಅಂತಹ ಮನೆಗಳಲ್ಲಿ ಅಂಚಿಗೆ ಬಂಗಾರದ ಬಣ್ಣ ಹಚ್ಚಿದ ಒಂದು ಕಾಗದಕ್ಕೆ ಎಷ್ಟು ಬೆಲೆಯೆಂಬುದನ್ನು ನಾನು ಬಲ್ಲೆ. ಮಗ ‘ಇಂಟರ್‌ನ್ಯಾಷನಲ್’ ಎಂದು ಒಂದು ಮಾತು ಹೇಳಿದರೆ ಸಾಕು, ತಾಯಿ ಚೀಟಿಯ ಹಣವನ್ನು ಎತ್ತಿಕೊಡುತ್ತಾಳೆ. ಆ ಹಣದಲ್ಲಿ ಮನೆಯ ಒಂದು ತಿಂಗಳ ದಿನಸಿ ಬರುತ್ತಿತ್ತೆಂಬುದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಬದಲಾಗಿ ಸಿಕ್ಕುವುದು ಯಾರೂ ಓದದ, ಯಾರೂ ಪ್ರಶ್ನಿಸದ ಒಂದು ಪ್ರಬಂಧದ ಮೇಲಿನ ಮುದ್ರೆ ಮಾತ್ರವಾದರೆ, ಅದಕ್ಕಿಂತ ದೊಡ್ಡ ನಷ್ಟವೇನಿದೆ?

ಸಾಚಾ ಯಾವುದು, ಪೊಳ್ಳು ಯಾವುದು ಎಂದು ತಿಳಿಯುವುದು ಬಹಳ ಕಷ್ಟವೇನಲ್ಲ. ಪ್ರಬಂಧ ಕಳುಹಿಸಿದ ಎರಡೇ ದಿನಗಳಲ್ಲಿ ‘ಒಪ್ಪಿಗೆಯಾಗಿದೆ, ಹಣ ಕಟ್ಟಿ’ ಎಂದು ಉತ್ತರ ಬಂದರೆ ಅನುಮಾನಪಡಬೇಕು. ಓದುವುದಕ್ಕೆ ಅಷ್ಟು ಹೊತ್ತು ಸಾಲದು. ಪರಿಶೀಲಕರ ಟೀಕೆಯ ಒಂದು ಸಾಲೂ ಬರದಿದ್ದರೆ ಅನುಮಾನಪಡಬೇಕು. ಸೇತುವೆ, ಔಷಧಿ, ವಾಣಿಜ್ಯ, ಸಾಹಿತ್ಯ ಎಲ್ಲವೂ ಒಂದೇ ಸಮ್ಮೇಳನದ ವಿಷಯಗಳೆಂದು ಬರೆದಿದ್ದರೆ ಇನ್ನೂ ಹೆಚ್ಚಾಗಿ ಅನುಮಾನಪಡಬೇಕು. ಸಮಿತಿಯಲ್ಲಿ ಹೆಸರಿರುವ ವಿದ್ವಾಂಸರಿಗೇ ಬರೆದು ಕೇಳಬಹುದು; ತಮ್ಮ ಹೆಸರು ಅಲ್ಲಿರುವ ಸಂಗತಿ ಅವರಿಗೇ ತಿಳಿಯದಿರುವುದೂ ಉಂಟು. ಹಿಂದಿನ ವರ್ಷದ ಸಂಪುಟವನ್ನು ತೆರೆದು ಎರಡು ಪ್ರಬಂಧಗಳನ್ನು ಓದಿ ನೋಡುವುದು ಎಲ್ಲಕ್ಕಿಂತ ಉತ್ತಮ. ಇವೆಲ್ಲಕ್ಕೂ ಮೊದಲು ತಮ್ಮ ಅಧ್ಯಾಪಕರ ಸಲಹೆಯನ್ನು ಪಡೆಯುವುದು ಯುಕ್ತ.

ದೂರದ ಸಮ್ಮೇಳನಗಳಿಗೆ ಹೋಗಲು ಅನುಕೂಲವಿಲ್ಲದವರು ನಿರಾಶರಾಗಬೇಕಾದ ಕಾರಣವಿಲ್ಲ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿಯು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಧನಸಹಾಯ ನೀಡಿ, ಅವುಗಳಲ್ಲಿ ಉತ್ತಮವಾದವುಗಳನ್ನು ರಾಜ್ಯಮಟ್ಟದ ವಿಚಾರಗೋಷ್ಠಿ ಹಾಗೂ ಪ್ರದರ್ಶನದಲ್ಲಿ ತಜ್ಞರ ಮುಂದಿಡುವ ಕಾರ್ಯವನ್ನು ಬಹುಕಾಲದಿಂದ ಮಾಡಿಕೊಂಡು ಬಂದಿದೆ. ಹಲವು ಅಂತರರಾಷ್ಟ್ರೀಯ ಸಂಘಗಳು ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿಯನ್ನೂ ಕೆಲವರಿಗೆ ಪ್ರಯಾಣದ ವೆಚ್ಚವನ್ನೂ ಕೊಡುತ್ತವೆ. ಕೇಳಿದವರಿಗೆ ಮಾತ್ರ ಇವು ದೊರೆಯುತ್ತವೆ. ಇಲ್ಲಿಯೂ ಮುಖ್ಯವಾದದ್ದು ಕೇಳುವುದೇ.

ಇದೆಲ್ಲ ಇಂಜಿನಿಯರಿಂಗ್ ಓದುವವರ ಮಾತಾಯಿತು. ಕಲೆಯನ್ನು ಓದುವ ನಮಗೇನು ಎಂದು ನನ್ನ ಸಹಪಾಠಿಗಳು ಕೇಳಬಹುದು. ನಾಡು ಕಂಡ ಬಹುದೊಡ್ಡ ಇಂಜಿನಿಯರ್ ಸರ್. ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಮೊದಲು ಪಡೆದದ್ದು ಬಿ. ಎ. ಪದವಿಯನ್ನೇ, ಆಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತರು. 1898ರಲ್ಲಿ ಅವರು ಜಪಾನನ್ನು ನೋಡಿಬಂದರು. ಆ ದೇಶದ ವಿದ್ಯೆ ಮತ್ತು ಕೈಗಾರಿಕೆಗಳ ಪಾಠವನ್ನು ತಮ್ಮೊಳಗೇ ಇಟ್ಟುಕೊಳ್ಳದೆ ಬಾಳಿನುದ್ದಕ್ಕೂ ಜನಕ್ಕೆ ಹೇಳುತ್ತ ಬಂದರು. ನೋಡಿಬಂದವನು ನೋಡದವರಿಗೆ ಹೇಳಬೇಕೆಂಬುದು ಹಳೆಯ ಧರ್ಮ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಪಾರಿಭಾಷಿಕ ಪದಗಳೇ ಇಲ್ಲದ ಕಾಲದಲ್ಲಿ ಅವರು ಆ ಸಾಹಸವನ್ನು ಮಾಡಿದರು. ಇಂದು ಪದಗಳಿವೆ, ಮುದ್ರಣ ಸುಲಭವಾಗಿದೆ, ಓದುವವರು ಲಕ್ಷಗಟ್ಟಲೆ ಇದ್ದಾರೆ. ಆದರೂ ವೃಷಭಾವತಿಯ ಮೇಲಿನ ಪ್ರಬಂಧಗಳು ಇಂಗ್ಲಿಷಿನಲ್ಲಿ ಓದಲ್ಪಟ್ಟು ಸಂಪುಟಗಳಲ್ಲಿ ಮಲಗಿರುತ್ತವೆ. ಅದೇ ನದಿಯ ದಡದ ಅಜ್ಜಿಗೂ ಬೈರಮಂಗಲದ ಒಕ್ಕಲಿಗನಿಗೂ ಅವುಗಳ ಒಂದು ಸಾಲೂ ತಲುಪುವುದಿಲ್ಲ. ತಮ್ಮ ಹೊಲದ ನೀರಿನ ವಿಷಯವನ್ನು ತಿಳಿಯುವ ಹಕ್ಕು ಅವರಿಗಿಲ್ಲವೆ? ಆ ವಿಷಯವನ್ನು ತಿಳಿಗನ್ನಡದಲ್ಲಿ ಹೇಳುವ ಕೆಲಸ ಕಲಾ ವಿಭಾಗದ ವಿದ್ಯಾರ್ಥಿಯದಲ್ಲದೆ ಮತ್ತಾರದು?

ಅಲ್ಲದೆ ದಡದವರ ಮಾತನ್ನು ಗೋಷ್ಠಿಗೆ ಕೊಂಡೊಯ್ಯುವ ಕೆಲಸವೂ ನಮ್ಮದೇ. ಅಜ್ಜಿಯ ಮಾತು ಇಂಜಿನಿಯರನಿಗೆ ಯಾವ ಹೊತ್ತಿನಲ್ಲಿ ಸೀಸೆಯನ್ನು ಮುಳುಗಿಸಬೇಕೆಂಬುದನ್ನು ತೋರಿಸಿಕೊಡಬಲ್ಲದು. ಇಂಜಿನಿಯರನ ಅಂಕಿ ಅಜ್ಜಿಯ ಮಾತಿಗೆ ಸಾಕ್ಷಿಯಾಗಬಲ್ಲದು. ಇವೆರಡೂ ಕೂಡಿದಾಗ ಮಾತ್ರ ಅಧಿಕಾರದಲ್ಲಿರುವವರು ಕಿವಿಗೊಡುತ್ತಾರೆ.

ಸಮ್ಮೇಳನವೆಂದರೆ ಕೂಡುವುದು. ಹಲವು ದೇಶದವರು ಕೂಡಿದ ಮಾತ್ರಕ್ಕೇ ಅದು ದೊಡ್ಡದಾಗುವುದಿಲ್ಲ, ಹತ್ತೇ ಮಂದಿ
ಕೂಡಿದರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಗಮನವಿಟ್ಟು ಕೇಳಿ, ಕೇಳಬೇಕಾದ ಪ್ರಶ್ನೆಯನ್ನು ಕೇಳಿದರೆ ದೊಡ್ಡದಾಗುತ್ತದೆ. ನಮ್ಮ ಕಾಲೇಜಿನ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳವರು ಪಕ್ಕದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳನ್ನು ವರ್ಷಕ್ಕೊಂದು ದಿನ ಇಲ್ಲಿಗೆ ಕರೆದು, ಅವರು ಅಲ್ಲಿ ಓದಿದ ಪ್ರಬಂಧಗಳನ್ನು ಇಲ್ಲಿ ಕನ್ನಡದಲ್ಲಿ ಓದಿಸಬಾರದೇಕೆ? ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಒಂದು ಕೊಠಡಿ, ಒಂದು ಕಪ್ಪುಹಲಗೆ, ಒಂದಿಷ್ಟು ಚಹ ಸಾಕು. ನದಿಯ ದಡದವರಲ್ಲಿ ನಾಲ್ಕು ಮಂದಿಯನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಮೊದಲ ಪ್ರಶ್ನೆಯನ್ನು ಅವರೇ ಕೇಳಲಿ. ನಮ್ಮ ಮಾನ್ಯ ಅಧ್ಯಾಪಕರು ಈ ಸೂಚನೆಯನ್ನು ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇನೆ.